ಹತ್ತಿಯಲ್ಲಿ ಸುತ್ತಿದ ಮೊಟ್ಟೆ, ಹೆಸರಿಲ್ಲದ ಮೀನು

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆ 1886ರಿಂದ ಮುಂಬಯಿಯಲ್ಲಿ ಹೊರಬರುತ್ತಿದೆ. ಅದರ 1970ರ ಸಂಪುಟದಲ್ಲಿ ಸಿ. ವಿ. ಕುಲಕರ್ಣಿ ಎಂಬ ಮತ್ಸ್ಯವಿಜ್ಞಾನಿ ಬರೆದ ಲೇಖನವೊಂದಿದೆ. ದಖನ್ನಿನ ಮಹಸೀರ್ ಮೀನು ಯಾವಾಗ ಮೊಟ್ಟೆಯಿಡುತ್ತದೆ, ಆ ಮೊಟ್ಟೆ ಹೇಗಿರುತ್ತದೆ, ಒಡೆದು ಹೊರಬಂದ ಮರಿ ಹೇಗೆ ಬೆಳೆಯುತ್ತದೆ ಎಂಬುದು ಅದರ ವಿಷಯ. ಬೊಂಬಾಯಿ ಸರ್ಕಾರಕ್ಕೆ ಅಂಕಿಅಂಶ ಕೂಡಿಸುತ್ತಿದ್ದ ಸೇನಾಧಿಕಾರಿ ಡಬ್ಲ್ಯೂ. ಎಚ್. ಸೈಕ್ಸ್, ಪುಣೆಯ ಮುಳಾ-ಮುಠಾ ಹೊಳೆಯಲ್ಲಿ ಕಂಡ ಈ ಮೀನಿಗೆ 1839ರಲ್ಲೇ ವೈಜ್ಞಾನಿಕ ಹೆಸರಿಟ್ಟಿದ್ದರು. ಗಾಳ ಹಾಕುವವರು ಇದರ ಗತ್ತು, ಗಾತ್ರ, ಸೆಣಸಾಟದ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದರು. ಅಂಥ ಪುಸ್ತಕಗಳಲ್ಲಿ ಹೆಸರಾದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಗಿತ್ತು. ಇಂಗ್ಲೆಂಡಿನ ಸಾಲ್ಮನ್ ಮೀನಿಗೆ ಸರಿಗಟ್ಟುವ, ಅದನ್ನೂ ಮೀರಿಸುವ ಮೀನು ಮಹಸೀರ್ ಎಂಬುದು ಥಾಮಸರ ವಾದ. ಇಷ್ಟೆಲ್ಲ ಇದ್ದರೂ ಸೈಕ್ಸ್ ಹೆಸರಿಟ್ಟು 130 ವರ್ಷ ಕಳೆದ ಮೇಲೆ ಕೂಡ ಈ ಮೀನಿನ ಸಂತಾನದ ಕತೆ ಹೆಚ್ಚುಕಡಿಮೆ ಕತ್ತಲಲ್ಲೇ ಉಳಿದಿತ್ತು.

ಆ ಕತ್ತಲನ್ನು ಕಳೆದದ್ದು ಮುಂಬಯಿಗೆ ಬೆಳಕು ಕೊಡುವ ಕೆರೆಗಳ ದಂಡೆಯಲ್ಲಿ ನಡೆದ ಕೆಲಸ. ಅಲ್ಲಿಂದ ಹೊರಟ ಮೀನಿನ ಮರಿಗಳು ನಮ್ಮ ಕಾವೇರಿಗೂ ಬಂದವು. ಕೆಲವು ದಶಕಗಳ ಬಳಿಕ, ಅದೇ ಕಾವೇರಿಯಲ್ಲಿ, ಯಾರೂ ಎಣಿಸದ ಇನ್ನೊಂದು ಆವಿಷ್ಕಾರವಾಯಿತು. ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ, ಬರಿದಾದ ನದಿಗೆ ಮೀನನ್ನು ಮರಳಿಸುವುದೆಂದರೆ ಏನು ಎಂಬುದು ಸ್ಪಷ್ಟವಾಗುತ್ತದೆ.

ಘಟ್ಟದಿಂದ ಇಳಿದ ನೀರು

ಟಾಟಾ ಹೈಡ್ರೋ-ಎಲೆಕ್ಟ್ರಿಕ್ ಕಂಪನಿ ಹುಟ್ಟಿದ್ದು 1910ರಲ್ಲಿ. ಮುಂಬಯಿಯ ಬಟ್ಟೆ ಗಿರಣಿಗಳು ಕಲ್ಲಿದ್ದಲ ಹೊಗೆಯಿಂದ ಬಿಡುಗಡೆ ಹೊಂದಿ ವಿದ್ಯುತ್ತಿನಿಂದ ನಡೆಯಬೇಕು ಎಂಬುದು ಜಮ್‌ಶೆಟ್‌ಜಿ ಟಾಟಾ ಅವರ ಕನಸು. ಅವರು 1904ರಲ್ಲಿ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಕೈಗೂಡಿಸಿದರು. ಲೋಣಾವಳದ ಸುತ್ತ ವಲವಣ, ಲೋಣಾವಳ, ಶಿರವಟಾ ಕೆರೆಗಳು ಸಿದ್ಧವಾದವು. ಸಹ್ಯಾದ್ರಿಯ ನೆತ್ತಿಯಲ್ಲಿ ಕೂಡಿಟ್ಟ ಮಳೆನೀರನ್ನು ದೊಡ್ಡ ಕೊಳವೆಗಳಲ್ಲಿ 500 ಮೀಟರಿಗೂ ಮಿಕ್ಕ ಎತ್ತರದಿಂದ ಖೋಪೋಲಿಗೆ ಧುಮುಕಿಸಿ, 1915ರಲ್ಲಿ ಮುಂಬಯಿಗೆ ವಿದ್ಯುತ್ ಹರಿಸಲಾಯಿತು. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ವಿದ್ಯುದಾಗಾರಗಳು ಬಂದವು. ಭಿರಾಕ್ಕಾಗಿ ಮುಳಶಿಯಲ್ಲಿ ಕಟ್ಟಿದ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟ್ ಅವರ ಮುಂದಾಳತನದಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಮುಳುಗುವ ಹೊಲಗಳ ದುಃಖ ಹಾಗೆ ಚರಿತ್ರೆಗೆ ಸೇರಿತು. ನೀರೊಳಗಿದ್ದವರ ಪಾಡನ್ನು ಮಾತ್ರ ಆಗ ಯಾರೂ ಕೇಳಲಿಲ್ಲ.

ಈ ಕೆರೆಗಳಿಗೆ ಸೇರುವ ತೊರೆಗಳೆಲ್ಲ ಹುಟ್ಟಿನಿಂದ ಪೂರ್ವಕ್ಕೆ ಹರಿಯುವಂಥವು. ಇಂದ್ರಾಯಣಿ, ಆಂಧ್ರಾ, ಮುಳಾ, ಎಲ್ಲವೂ ಭೀಮೆಯನ್ನು ಕೂಡಿ, ಕಲಬುರಗಿ ಸೀಮೆಯನ್ನು ಹಾದು, ಕೃಷ್ಣೆಗೆ ಸೇರಬೇಕಾದವು. ಅವುಗಳ ನೀರು ಪಶ್ಚಿಮಕ್ಕೆ ತಿರುಗಿ ಕೊಂಕಣಕ್ಕಿಳಿಯಿತು. ಭಿವಪುರಿಯಲ್ಲಿ ಟರ್ಬೈನು ತಿರುಗಿಸಿದ ನೀರು ಇಂದು ಉಲ್ಹಾಸ್ ನದಿಗೆ ಸೇರುತ್ತದೆ. ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರಗಳ ನಲ್ಲಿಗಳಿಗೆ ನೀರು ಬರುವುದು ಆ ನದಿಯಿಂದ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಆ ಉಪನಗರಗಳಲ್ಲಿ ನೆಲೆ ನಿಂತ ನಮ್ಮ ಕನ್ನಡದ ಮನೆಗಳು ಭೀಮೆಯ ಪಾಲಿನ ನೀರನ್ನೇ ಕುಡಿಯುತ್ತಿವೆ. ಈ ಋಣ ದೊಡ್ಡದು.

ಮಹಸೀರ್‌ನ ಬದುಕು ಹರಿವನ್ನೇ ನಂಬಿದ್ದು. ಬೇಸಿಗೆಯಲ್ಲಿ ಆಳದ ಮಡುಗಳಲ್ಲಿ ತಂಗಿರುತ್ತದೆ. ಮುಂಗಾರಿನ ಕೆನ್ನೀರು ಏರಿದಾಗ ಪ್ರವಾಹಕ್ಕೆದುರಾಗಿ ಈಜಿ, ಮೇಲಿನ ತೊರೆಗಳ ನುಣುಪು ಕಲ್ಲು, ಜಲ್ಲಿಯ ನಡುವೆ ಮೊಟ್ಟೆಯಿಡುತ್ತದೆ. ಅಣೆಕಟ್ಟು ಕಟ್ಟಿದರೆ ಕೆಳಗಿನ ಮೀನಿಗೆ ಮೇಲೇರುವ ದಾರಿ ಮುಚ್ಚುತ್ತದೆ. ಮಡುಗಳು ಬತ್ತುತ್ತವೆ. ಉಳಿದವುಗಳ ಮೇಲೆ ಡೈನಮೈಟು, ವಿಷ, ಸಣ್ಣ ಕಣ್ಣಿನ ಬಲೆಗಳ ದಾಳಿ ಬೇರೆ. ಒಂದು ಕಾಲಕ್ಕೆ ದಖನ್ನಿನ ಹೊಳೆಗಳಲ್ಲಿ ಸಾಮಾನ್ಯವಾಗಿದ್ದ ಮೀನು ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಹುಡುಕಿ ನೋಡಬೇಕಾದ ಮೀನಾಯಿತು.

ಕೋಡಿಯ ಪುಟಾಣಿ ಮೀನಿನಿಂದ ಮಡುವಿನ ದೊರೆಯವರೆಗೆ

ಕುಲಕರ್ಣಿಯವರಿಗೆ ಮೀನಿನ ಹುಟ್ಟನ್ನು ಹತ್ತಿರದಿಂದ ನೋಡುವ ಕಣ್ಣು ಮೊದಲಿನಿಂದಲೂ ಇತ್ತು. 1940ರಲ್ಲಿ ಅವರು ಬೊಂಬಾಯಿ ಪ್ರಾಂತದ ಕರಾವಳಿ ಕೋಡಿಗಳ ಉಪ್ಪು ಬೆರೆತ ನೀರಿನಲ್ಲಿ ಸಿಕ್ಕ ಒಂದು ಮೀನನ್ನು ಜಗತ್ತಿಗೆ ಪರಿಚಯಿಸಿದರು. ಎರಡು ಮೂರು ಸೆಂಟಿಮೀಟರಿನ, ಪಾರದರ್ಶಕ ಮೈಯ ಪುಟಾಣಿ. ಗಂಡಿನ ಕೆಳರೆಕ್ಕೆ ಮಾರ್ಪಾಟಾಗಿ ವೀರ್ಯದ ಪೊಟ್ಟಣವನ್ನು ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣು ಫಲಿತಗೊಂಡ ಮೊಟ್ಟೆಗಳನ್ನೇ ಇಡುತ್ತದೆ ಎಂಬ ಸೋಜಿಗವನ್ನು ಅವರು ವಿವರವಾಗಿ ಬರೆದರು. ಭಾರತದ ಮತ್ಸ್ಯವಿಜ್ಞಾನದ ಹಿರಿಯ ಸುಂದರ್‌ಲಾಲ್ ಹೋರಾ ಮತ್ತು ಬೊಂಬಾಯಿಯ ಮೀನುಗಾರಿಕೆಯ ಮುಖ್ಯಸ್ಥರಾಗಿದ್ದ ಎಸ್. ಬಿ. ಸೇಟ್ನಾ ಇಬ್ಬರ ಹೆಸರನ್ನೂ ಸೇರಿಸಿ ಅದನ್ನು ಹೋರಾಯಿಕ್ತಿಸ್ ಸೇಟ್ನಾಯಿ ಎಂದು ಕರೆದರು. ಮುಂದೆ ಮಹಾರಾಷ್ಟ್ರದ ಮೀನುಗಾರಿಕೆ ನಿರ್ದೇಶಕರಾದ ಕುಲಕರ್ಣಿ, ಅಂಗೈಯಲ್ಲಿ ಅಡಗುವ ಆ ಮೀನನ್ನು ನೋಡಿದ ತಾಳ್ಮೆಯಲ್ಲೇ ಮಾರುದ್ದ ಬೆಳೆಯುವ ಮಹಸೀರ್ ಕಡೆಗೆ ತಿರುಗಿದರು.

ಅವರಿಗೆ ಎದುರಾದ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ 1957ರಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿ ತೋರಿಸಿದ್ದರು. ರೋಹು, ಕಾಟ್ಲಾ ಕೃಷಿ ದೇಶದ ತುಂಬ ಹಬ್ಬಿದ್ದು ಆ ಚುಚ್ಚುಮದ್ದಿನ ಬಲದಿಂದ. ಮಹಸೀರ್ ಅಷ್ಟು ಬೇಗ ಒಲಿಯಲಿಲ್ಲ. ರೋಹು, ಕಾಟ್ಲಾಗಳು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಇದರ ಲೆಕ್ಕವೆಲ್ಲ ಸಾವಿರಗಳಲ್ಲಿ. ಅದನ್ನೂ ಒಮ್ಮೆಗೇ ಇಡದೆ ಕಂತುಕಂತಾಗಿ ಇಡುತ್ತದೆ. ಹಾಗಾಗಿ ಚುಚ್ಚುಮದ್ದಿಗಿಂತ ಮೊದಲು ಮೀನಿನ ಹಾದಿಯನ್ನೇ ಕಾಯಬೇಕಾಯಿತು.

ಟಾಟಾ ಕೆರೆಗಳು ಅದಕ್ಕೆ ಒದಗಿ ಬಂದವು. ಅಣೆಕಟ್ಟಿನ ಹಿಂದೆ ಸಿಕ್ಕಿಕೊಂಡ ಮಹಸೀರ್‌ಗಳು ಕೆರೆಯ ಆಳದಲ್ಲಿ ಬದುಕಿ ಉಳಿದಿದ್ದವು. ಜುಲೈಯಿಂದ ಸೆಪ್ಟೆಂಬರಿನ ಜಡಿಮಳೆಯಲ್ಲಿ, ಕೆರೆಗೆ ಬೀಳುವ ಹಳ್ಳಗಳು ಸದ್ದು ಮಾಡತೊಡಗಿದಾಗ, ಅವು ಆ ಹಳ್ಳಗಳ ಬಾಯಿಗೆ ಬಂದು ಸೇರುತ್ತಿದ್ದವು. ಹುಟ್ಟಿದ ಹೊಳೆ ತುಂಡಾಗಿದ್ದರೂ ಏರುವ ನೀರಿನ ಕರೆಯನ್ನು ಅವು ಮರೆತಿರಲಿಲ್ಲ. ಬಲೆ ಹಾಕಬೇಕಾದ ಜಾಗ, ಹೊತ್ತು ಎರಡನ್ನೂ ಮೀನೇ ತೋರಿಸಿಕೊಟ್ಟಿತು.

ತಟ್ಟೆಯ ಮೂಲೆಯಲ್ಲಿ ತಲೆ ಮರೆಸಿದ ಮರಿಗಳು

ವಲವಣದಲ್ಲಿ ಟಾಟಾ ಕಂಪನಿ ನಡೆಸುತ್ತಿದ್ದ ಮೀನು ಮರಿ ಕೇಂದ್ರದಲ್ಲಿ ಕುಲಕರ್ಣಿ ಮತ್ತು ಅವರ ಜೊತೆಗಾರ ಎಸ್. ಎನ್. ಓಗಲೆ ರೂಢಿಸಿಕೊಂಡ ಕ್ರಮವನ್ನು ಕೊಂಚ ಹತ್ತಿರದಿಂದ ನೋಡಬೇಕು. ಬಲೆಗೆ ಬಿದ್ದ ಹೆಣ್ಣು ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಮೊಟ್ಟೆ ತಾನಾಗಿ ಸುರಿಯುವಷ್ಟು ಮಾಗಿದ್ದರೆ ಒಣಗಿದ ಬೋಗುಣಿಯೊಂದಕ್ಕೆ ಅದನ್ನು ಹಿಂಡಿ, ಮೇಲೆ ಗಂಡು ಮೀನಿನ ವೀರ್ಯ ಬೀಳಿಸಿ ಮೃದುವಾಗಿ ಬೆರೆಸುತ್ತಾರೆ. ನೀರು ಸೇರಿಸುವುದು ಆಮೇಲೆ. ಮೊಟ್ಟೆ ಹೊಂಬಣ್ಣದ್ದು, ಸುಮಾರು ಮೂರು ಮಿಲಿಮೀಟರ್ ಅಗಲ. ರೋಹುವಿನ ಮೊಟ್ಟೆಯ ಹಾಗೆ ನೀರಲ್ಲಿ ತೇಲಾಡದೆ ತಳಕ್ಕಿಳಿದು ಕೂರುತ್ತದೆ. ಆಳದ ತೊಟ್ಟಿಯಲ್ಲಿ ಹಾಕಿದರೆ ಉಸಿರುಗಟ್ಟಿ ಕೊಳೆಯುತ್ತದೆ. ಅದಕ್ಕೆಂದೇ ತೆಳುವಾಗಿ ನೀರು ಹರಿಯುತ್ತಲೇ ಇರುವ, ಆಳವಿಲ್ಲದ ತಟ್ಟೆಗಳು ಬೇಕು. ತೊರೆಯ ಜಲ್ಲಿ ಮಾಡುವ ಕೆಲಸವನ್ನು ಆ ತಟ್ಟೆಗಳು ಮಾಡಬೇಕು. ಸತ್ತ ಮೊಟ್ಟೆ ಬಿಳಿಚಿಕೊಂಡು ಬೂಸು ಹಿಡಿಯುತ್ತದೆ. ಪಕ್ಕದ್ದಕ್ಕೂ ಹಬ್ಬುವ ಮೊದಲು ಅದನ್ನು ಒಂದೊಂದಾಗಿ ಹೆಕ್ಕಿ ತೆಗೆಯಬೇಕು.

ಮೊಟ್ಟೆ ಒಡೆಯಲು ಮೂರು ನಾಲ್ಕು ದಿನ. ಹೊರಬಂದ ಮರಿಗೆ ಹೊಟ್ಟೆಯ ಕೆಳಗೆ ಅರಿಶಿನದ ಬಣ್ಣದ ಬುತ್ತಿ ಕಟ್ಟಿರುತ್ತದೆ. ಅದು ಬೆಳಕಿಗೆ ಹೆದರುತ್ತದೆ. ತಟ್ಟೆಯ ಮೂಲೆಗಳಲ್ಲಿ ನೂರಾರು ಮರಿಗಳು ಒತ್ತೊತ್ತಾಗಿ ಸೇರಿ, ತಲೆಯನ್ನು ಒಳಕ್ಕೆ ಹುದುಗಿಸಿ, ಬಾಲ ಮಾತ್ರ ಅಲುಗಿಸುತ್ತ ದಿನಗಟ್ಟಲೆ ಬಿದ್ದಿರುತ್ತವೆ. ಹೊಳೆಯಲ್ಲಾದರೆ ಕಲ್ಲುಗಳ ಸಂದಿಯಲ್ಲಿ ಅಡಗಿ ಕಳೆಯಬೇಕಾದ ದಿನಗಳು ಅವು. ಗುಂಡು ಕಲ್ಲಿನ ತೊರೆಯನ್ನು ಮರಳುಗಾರಿಕೆ ಕೆದಕಿದರೆ ಮಹಸೀರ್ ಏಕೆ ನಶಿಸುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ. ಬುತ್ತಿ ಕರಗಿ, ಮರಿ ಮೇಲೆದ್ದು ಈಜಿ, ತಾನೇ ತಿನ್ನತೊಡಗಿದ ಮೇಲೆ ಅರ್ಧ ಗಂಡಾಂತರ ಕಳೆದಂತೆ. ಕೆರೆಯಿಂದ ಹಿಡಿದ ಮೀನಿನೊಂದಿಗೆ ಶುರುವಾದ ಕೆಲಸ 1980ರ ದಶಕದ ಹೊತ್ತಿಗೆ ಕೊಳದಲ್ಲೇ ಸಾಕಿದ ಮಹಸೀರ್‌ಗಳನ್ನು ಹಾರ್ಮೋನಿನಿಂದ ಮಾಗಿಸುವ ಹಂತಕ್ಕೆ ಬಂದಿತು.

ಇದಕ್ಕಿಂತಲೂ ದೊಡ್ಡ ಪರಿಣಾಮ ಬೀರಿದ ಶೋಧ ಇನ್ನೊಂದಿದೆ. ರೋಹುವಿನ ಮೊಟ್ಟೆ ಒಂದು ದಿನದೊಳಗೆ ಒಡೆದುಬಿಡುತ್ತದೆ; ದೂರ ಸಾಗಿಸಲು ಪುರುಸೊತ್ತೇ ಇಲ್ಲ. ಮಹಸೀರ್ ಮೊಟ್ಟೆಗೆ ಮೂರು ದಿನದ ಬಿಡುವು ಇದೆ. ಹಾಗಿದ್ದಲ್ಲಿ ನೀರು ತುಂಬಿದ ಭಾರದ ಡಬ್ಬಗಳ ಗೊಡವೆ ಏಕೆ? ಕುಲಕರ್ಣಿ ಮತ್ತು ಓಗಲೆ ಮೊಟ್ಟೆಗಳನ್ನು ಒದ್ದೆ ಹತ್ತಿಯ ಪದರಗಳ ನಡುವೆ ಹರಡಿ, ಪೆಟ್ಟಿಗೆಯಲ್ಲಿಟ್ಟು, ವಿಮಾನದಲ್ಲಿ ಕಳಿಸಿ ನೋಡಿದರು. ಹತ್ತಿ ಒದ್ದೆಯಾಗಿದ್ದರೆ ಮೊಟ್ಟೆ ಒಣಗುವುದಿಲ್ಲ, ಎಳೆಗಳ ನಡುವೆ ಗಾಳಿಯಾಡುವುದರಿಂದ ಉಸಿರೂ ಕಟ್ಟುವುದಿಲ್ಲ, ಕುಲುಕಾಟದ ಪೆಟ್ಟೂ ತಗಲುವುದಿಲ್ಲ. ಇದನ್ನು ಅವರು 1979ರಲ್ಲಿ ‘ಅಕ್ವಾಕಲ್ಚರ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಈಗ ಲೋಣಾವಳದ ಮೀನು ಎಲ್ಲಿಗೆ ಬೇಕಾದರೂ ಹೋಗಬಹುದಾಗಿತ್ತು. ಹೋಯಿತು ಕೂಡ. ಹಲವು ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ಅಲ್ಲಿಂದ ಮರಿ ಪಡೆದವು. ಕರ್ನಾಟಕವೂ ಅವುಗಳಲ್ಲಿ ಒಂದು.

ಪಾಚಿಯಲ್ಲಿ ಕಟ್ಟಿದ ಸಾಲ್ಮನ್

ಮುಂಬಯಿಯವರು ಹತ್ತಿಯಲ್ಲಿ ಮಾಡಿದ್ದನ್ನು ಅಮೆರಿಕದವರು ನೂರು ವರ್ಷ ಮೊದಲು ಪಾಚಿಯಲ್ಲಿ ಮಾಡಿದ್ದರು. 1872ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಎಂಬಾತ ಕ್ಯಾಲಿಫೋರ್ನಿಯಾದ ಮೆಕ್‌ಕ್ಲೌಡ್ ನದಿಯ ದಡದಲ್ಲಿ ಸರ್ಕಾರಿ ಮರಿ ಕೇಂದ್ರ ತೆರೆದ. ಅಮೆರಿಕದ ಪೂರ್ವ ಕರಾವಳಿಯ ಹೊಳೆಗಳಲ್ಲಿ ಬರಿದಾದ ಸಾಲ್ಮನ್ ಜಾಗಕ್ಕೆ ಪಶ್ಚಿಮದ ಚಿನೂಕ್ ಸಾಲ್ಮನ್ ತುಂಬುವುದು ಉದ್ದೇಶ. ಒದ್ದೆ ಪಾಚಿ, ಮಂಜುಗಡ್ಡೆಗಳ ನಡುವೆ ಕಟ್ಟಿದ ಮೊಟ್ಟೆಗಳು ರೈಲಿನಲ್ಲಿ, ಹಡಗಿನಲ್ಲಿ ದೇಶದೇಶಗಳಿಗೆ ಹೋದವು. ಪೂರ್ವ ಕರಾವಳಿಯಲ್ಲಿ ಅವು ನೆಲೆಯೂರಲೇ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಿಂದ ಕಳಿಸಿದ ಮೊಟ್ಟೆಗಳು ಮಾತ್ರ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಗಳಲ್ಲಿ ವಂಶ ಕಟ್ಟಿದವು.

ಅತ್ತ ತಾಯಿನದಿಯಲ್ಲಿ 1938ರಿಂದ 1945ರವರೆಗೆ ಶಾಸ್ತಾ ಅಣೆಕಟ್ಟು ಎದ್ದಿತು. ಸಾಲ್ಮನ್ ಮೆಕ್‌ಕ್ಲೌಡ್‌ಗೆ ಮರಳುವ ದಾರಿಯೇ ಮುಚ್ಚಿತು. ಆ ನದಿಯ ಮಕ್ಕಳಾದ ವಿನ್ನೆಮೆಮ್ ವಿಂಟು ಬುಡಕಟ್ಟಿನವರಿಗೆ ಸಾಲ್ಮನ್ ಬಂಧು, ಪವಿತ್ರ ಜೀವ. ತಮ್ಮ ಮೀನಿನ ಸಂತತಿ ಸಾಗರದಾಚೆ ಬದುಕಿದೆ ಎಂದು ನಂಬಿ ಅವರು 2010ರಲ್ಲಿ ನ್ಯೂಜಿಲೆಂಡಿನ ರಾಕಾಯಾ ನದಿಗೆ ಹೋಗಿ, ಅಲ್ಲಿನ ಮಾವೊರಿಗಳ ಸಮ್ಮುಖದಲ್ಲಿ ಆಚರಣೆ ನಡೆಸಿದರು. ಆ ಮೀನುಗಳನ್ನು ಹುಟ್ಟೂರಿಗೆ ಮರಳಿಸಬೇಕು ಎಂಬುದು ಅವರ ಬೇಡಿಕೆ. ವಿಜ್ಞಾನಿಗಳು ಕೇಳಿದ್ದು ಒಂದೇ ಪ್ರಶ್ನೆ: ನ್ಯೂಜಿಲೆಂಡಿನ ಮೀನು ಯಾವ ಉಪನದಿಯ, ಯಾವ ಋತುವಿನಲ್ಲಿ ಏರುವ ಸಾಲ್ಮನ್‌ನ ವಂಶ? ಶರತ್ಕಾಲದಲ್ಲಿ ಏರುವ ಮೀನು ಬೇರೆ, ಚಳಿಗಾಲದಲ್ಲಿ ಏರುವುದು ಬೇರೆ. ಮೆಕ್‌ಕ್ಲೌಡ್‌ನ ತಣ್ಣನೆಯ ಬುಗ್ಗೆನೀರಿಗೆ ಹೊಂದಿಕೊಂಡದ್ದು ಚಳಿಗಾಲದ್ದು. 2022ರಲ್ಲಿ ಅಣೆಕಟ್ಟಿನ ಕೆಳಗೆ ಉಳಿದಿದ್ದ ಅದೇ ಚಳಿಗಾಲದ ಸಾಲ್ಮನ್‌ನ ಸುಮಾರು 40,000 ಮೊಟ್ಟೆಗಳನ್ನು ಮೆಕ್‌ಕ್ಲೌಡ್‌ಗೆ ತಂದು ಮರಿ ಮಾಡಲಾಯಿತು. 2023ರಲ್ಲಿ ಬುಡಕಟ್ಟು ಮತ್ತು ಸರ್ಕಾರಿ ಸಂಸ್ಥೆಗಳು ಜೊತೆಯಾಗಿ ಈ ಕೆಲಸ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದವು. ಮೀನಿನ ಮನೆತನ ಯಾವುದು ಎಂದು ಕೇಳದೆ ಅಲ್ಲಿ ಹೆಜ್ಜೆ ಮುಂದಿಡಲಿಲ್ಲ.

ನಮ್ಮಲ್ಲಿ ಆ ಪ್ರಶ್ನೆ ಕೇಳುವ ಹೊತ್ತಿಗೆ ತಡವಾಗಿತ್ತು.

ಗಾಳದವರ ದಿನಚರಿ ಬಿಚ್ಚಿಟ್ಟ ಗುಟ್ಟು

ಕಾವೇರಿಯ ಮಹಸೀರ್‌ಗೆ ಜಗತ್ತಿನಲ್ಲೇ ಹೆಸರಿತ್ತು. ಮೈಸೂರಿನ ವಾನ್ ಇಂಗೆನ್ ಸೋದರರಲ್ಲಿ ಒಬ್ಬರಾದ ಡಿವೆಟ್ 1946ರಲ್ಲಿ ಹಿಡಿದ ಮೀನು 120 ಪೌಂಡ್, ಎಂದರೆ 54 ಕಿಲೋ ತೂಗಿತ್ತು. ನೆತ್ತಿಯ ಹಿಂದೆಯೇ ಎದ್ದ ಗೂನು, ಹೊನ್ನಿನ ಮೈ, ಕಿತ್ತಳೆ ಬಣ್ಣದ ರೆಕ್ಕೆ. ನಮ್ಮವರ ಬಾಯಲ್ಲಿ ಬಿಳಿಮೀನು, ದೇವರ ಮೀನು. 1970ರ ದಶಕದ ಕೊನೆಗೆ ವಿದೇಶಿ ಗಾಳಗಾರರು ಮತ್ತೆ ಇದನ್ನು ಹುಡುಕಿ ಬಂದರು. ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಯಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ನಡೆದವು. ಡೈನಮೈಟು ಹಾಕುತ್ತಿದ್ದ ಊರಿನ ಕೆಲವರು ಮೀನಿನ ಕಾವಲುಗಾರರಾದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರು, ಸರ್ಕಾರದವರು ಸೊರಗಿದ ನದಿಗೆ ಮರಿಗಳನ್ನೂ ಬಿಟ್ಟರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಮಹಸೀರ್ ಕಡಿಮೆಯಾಗಿದೆ, ಮಹಸೀರ್ ತಂದು ಬಿಡೋಣ ಎಂಬ ಸರಳ ನಂಬಿಕೆ. ಬಂದದ್ದು ಲೋಣಾವಳದ ವಂಶದ, ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಸೀರ್.

ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್ ಕಾವೇರಿಯ ಮೀನಿನ ಸ್ಥಿತಿ ತಿಳಿಯಲು ಹೊರಟಾಗ ಕೈಗೆ ಸಿಕ್ಕ ದೊಡ್ಡ ದಾಖಲೆಯೆಂದರೆ ಶಿಬಿರದ ದಿನಚರಿ ಪುಸ್ತಕಗಳು. ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ತೂಕದ, ಯಾವ ಬಗೆಯ ಮೀನು ಸಿಕ್ಕಿತು ಎಂದು ಅಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ, 6,161 ಮಹಸೀರ್. 2012ರಲ್ಲಿ, ಶಿಬಿರವಿದ್ದ ಅಭಯಾರಣ್ಯದೊಳಗೆ ಗಾಳ ನಿಂತುಹೋದದ್ದರಿಂದ ಪುಸ್ತಕವೂ ಅಲ್ಲಿಗೇ ನಿಂತಿತು. ಪಿಂಡರ್, ಕೇರಳದ ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಕೂಡಿ ಈ ಲೆಕ್ಕವನ್ನು ಬಿಡಿಸಿದರು.

ಮೊದಲ ನೋಟಕ್ಕೆ ಸಂತೋಷದ ಸುದ್ದಿ: ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಆದರೆ ಸರಾಸರಿ ತೂಕ ಇಳಿಯುತ್ತಿತ್ತು. ಮೀನುಗಳನ್ನು ಬಗೆಬಗೆಯಾಗಿ ಬೇರ್ಪಡಿಸಿದಾಗ ನಿಜ ಹೊರಬಿತ್ತು. ಏರಿದ್ದೆಲ್ಲ ನೀಲಿ ರೆಕ್ಕೆಯದ್ದು. ಗೂನಿನ ಮೀನು ವರ್ಷಕ್ಕೆ ಬೆರಳೆಣಿಕೆಗೆ ಬಂದಿತ್ತು, ಸಿಕ್ಕವೂ ಬಹುಪಾಲು ದೊಡ್ಡ, ಹಳೆಯ ಮೀನುಗಳು. ಮರಿಗಳ ಸುಳಿವಿರಲಿಲ್ಲ. ಮುದುಕರಷ್ಟೇ ಉಳಿದ ಊರಿನ ಸ್ಥಿತಿ ಅದರದ್ದು. ಹಳೆಯ ಬರಹ, ಫೋಟೊಗಳಲ್ಲಿ ಕಾವೇರಿಯ ಮಹಸೀರ್ ಎಂದರೆ ಗೂನಿನದೇ. 1990ರ ದಶಕದಿಂದೀಚೆಗೆ ಆ ಜಾಗವನ್ನು ಹೊರಗಿನಿಂದ ಬಂದ ಮೀನು ತುಂಬಿತ್ತು. ಅಣೆಕಟ್ಟುಗಳು, ಡೈನಮೈಟು, ಮರಳು ತೆಗೆತ, ಕೊಳಕು ನೀರು ಈ ಅವನತಿಗೆ ತಮ್ಮ ಪಾಲು ಕೊಟ್ಟಿದ್ದವು. ಒಳಿತೆಂದು ತಂದು ಬಿಟ್ಟ ಮರಿಗಳೂ ಕೊಟ್ಟಿದ್ದವು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಹೆಸರು ಸಿಕ್ಕಿದ್ದು ಮೋಯಾರಿನಲ್ಲಿ

ಗೂನಿನ ಮೀನು ಅಳಿಯುತ್ತಿದೆ ಎಂದು ಸಾರಲು ಇನ್ನೊಂದು ತೊಡಕಿತ್ತು. ಆ ಮೀನಿಗೆ ಒಪ್ಪಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಸೈಕ್ಸ್ 1839ರಲ್ಲೇ ಕೊಟ್ಟಿದ್ದ ಮುಸುಲ್ಲಾ ಎಂಬ ಹೆಸರನ್ನು ಬಹುಕಾಲ ಇದಕ್ಕೆ ಅಂಟಿಸಿದ್ದರು. 2013ರಲ್ಲಿ ಜೆ. ಡಿ. ಮಾರ್ಕಸ್ ನೈಟ್ ಮತ್ತು ಸಂಗಡಿಗರು ಆ ಹೆಸರು ಸಲ್ಲುವುದು ಬೇರೆ ಕುಲದ ಮೀನಿಗೆ ಎಂದು ತೋರಿಸಿಕೊಟ್ಟರು. ಜಗತ್ಪ್ರಸಿದ್ಧವಾದ ಕಾವೇರಿಯ ಮೀನು ಹೀಗೆ ಅನಾಮಧೇಯವಾಯಿತು. ಜೀವಿಗಳ ಅಳಿವಿನ ಅಪಾಯವನ್ನು ಅಳೆದು ದಾಖಲಿಸುವ ಐಯುಸಿಎನ್‌ನ ಕೆಂಪು ಪಟ್ಟಿಗೆ ಸೇರಬೇಕಾದರೆ ಹೆಸರು ಬೇಕು. ಹೆಸರಿಲ್ಲದ ಜೀವಕ್ಕೆ ಕಾನೂನಿನ ಕಾಪೂ ಇಲ್ಲ, ಯೋಜನೆಯೂ ಇಲ್ಲ.

ಹೆಸರಿಡಲು ಮೀನು ಬೇಕು, ಮೀನೋ ಕಾವೇರಿಯಲ್ಲಿ ಸಿಗದು. ಹುಡುಕಾಟ ಬಂಡೀಪುರ, ಮುದುಮಲೈ ಕಾಡುಗಳ ನಡುವಿನ ಕೊರಕಲಲ್ಲಿ ಹರಿದು ಭವಾನಿಯ ಮೂಲಕ ಕಾವೇರಿ ಸೇರುವ ಮೋಯಾರ್ ನದಿಗೆ ಕೊಂಡೊಯ್ದಿತು. ಜನ ಸುಲಭಕ್ಕೆ ಇಳಿಯಲಾಗದ ಆ ಕೊರಕಲಲ್ಲಿ ಗೂನಿನ ಮಹಸೀರ್ ಇನ್ನೂ ಉಸಿರಾಡುತ್ತಿತ್ತು. ಅದರ ಅಂಗಲಕ್ಷಣ, ಡಿಎನ್‌ಎ ಎರಡನ್ನೂ ಹೋಲಿಸಿ ನೋಡಿದಾಗ ಹೊಂದಿಕೆಯಾದದ್ದು ಕೇರಳದ ಪಾಂಬಾರ್ ಹೊಳೆಯ ಮೀನಿನೊಂದಿಗೆ. ಮಧುಸೂದನ ಕುರುಪ್ ಮತ್ತು ಕೆ. ವಿ. ರಾಧಾಕೃಷ್ಣನ್ ಅಲ್ಲಿನ ಸಣ್ಣ ಗಾತ್ರದ ಮೀನುಗಳನ್ನು ನೋಡಿ, ಝೂಲಾಜಿಕಲ್ ಸರ್ವೆಯ ವಿಜ್ಞಾನಿ ಕೆ. ರೆಮಾದೇವಿಯವರ ಗೌರವಾರ್ಥ, ಟಾರ್ ರೆಮಾದೇವಿ ಎಂಬ ಹೆಸರು ಕೊಟ್ಟಿದ್ದರು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುವ ಹೊಳೆ. ಕೈಯುದ್ದದ ಆ ಮೀನೂ ಐವತ್ತು ಕಿಲೋ ತೂಗುವ ಕಾವೇರಿಯ ದೈತ್ಯನೂ ಒಂದೇ ಎಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಪುಣೆಯ ನೀಲೇಶ್ ಡಹಾಣೂಕರ್ ಸೇರಿದಂತೆ ಹಲವರು ಕೈಗೂಡಿಸಿದ ಈ ಸಂಶೋಧನೆ 2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಬಂದಿತು. ಅದೇ ವರ್ಷ ನವೆಂಬರಿನಲ್ಲಿ ಕೆಂಪು ಪಟ್ಟಿ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿ ಎಂದು ದಾಖಲಿಸಿತು.

ಎರಡು ವರ್ಷದ ಬಳಿಕ, 2020ರಲ್ಲಿ, ಇನ್ನೊಂದು ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅಪಾಯದ ವರ್ಗದಲ್ಲಿದ್ದ ನೀಲಿ ರೆಕ್ಕೆಯ ದಖನ್ ಮಹಸೀರ್ ಕೆಂಪು ಪಟ್ಟಿಯಲ್ಲಿ ಆತಂಕವಿಲ್ಲದ ವರ್ಗಕ್ಕೆ ಸರಿದಿತ್ತು. ಲೋಣಾವಳದಲ್ಲಿ ದಶಕಗಳ ಕಾಲ ದುಡಿದವರಿಗೆ ಅದು ಹೆಮ್ಮೆಯ ದಿನ. ಆ ಹೆಮ್ಮೆ ನ್ಯಾಯವಾದದ್ದು. ಮುಂಬಯಿಗಾಗಿ ಹೊಳೆಯನ್ನು ತಿರುಗಿಸಿದ ಕಂಪನಿಯೇ ಆ ಹೊಳೆಯ ಮೀನಿನ ವಂಶವನ್ನು ಕಾಪಾಡಲು ಕೈಹಾಕಿದ್ದು ನಮ್ಮ ದೇಶದಲ್ಲಿ ಅಪರೂಪದ ನಡೆ.

ಕಣಿವೆಯ ಗುರುತು ಬೇಕು

ಕುಲಕರ್ಣಿ, ಓಗಲೆ ಕಂಡುಕೊಂಡ ವಿದ್ಯೆಯಲ್ಲಿ ದೋಷವಿಲ್ಲ. ಅದನ್ನು ಯಾವ ನದಿಗೆ ಯಾವ ಮೀನಿನ ಮೇಲೆ ಬಳಸುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಶೃಂಗೇರಿಯ ತುಂಗೆಯಲ್ಲಿ ಭಕ್ತರ ಕೈತುತ್ತು ತಿನ್ನುವ ಮೀನುಗಳು ಕೃಷ್ಣೆಯ ಬಳಗದವು. ಅರಕಲಗೂಡು ತಾಲೂಕಿನ ರಾಮನಾಥಪುರದ ಮಡು ಕಾವೇರಿಯದು. ಶಿಶಿಲದ ಕಪಿಲೆ ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುವ ಹೊಳೆ; 1996ರಲ್ಲಿ ಅಲ್ಲಿ ವಿಷವಿಕ್ಕಿ ಮೀನುಗಳನ್ನು ಕೊಂದಾಗ ಊರವರು ಸ್ಮಾರಕ ಕಟ್ಟಿ ಶೋಕಿಸಿದ್ದಾರೆ. ಮೂರು ಕಡೆಯೂ ದೇವರ ಮೀನು ಎಂಬ ಭಕ್ತಿ ಒಂದೇ. ಆದರೆ ಆ ನೀರುಗಳು ಲಕ್ಷಾಂತರ ವರ್ಷಗಳಿಂದ ಬೇರೆ ಬೇರೆ. ಆಯಾ ನೀರಿನ ಚಳಿ, ಮಳೆ, ಕಲ್ಲು, ಹರಿವಿಗೆ ತಕ್ಕಂತೆ ಮೀನಿನ ಮೈ ರೂಪುಗೊಂಡಿರುತ್ತದೆ. ಒಂದರ ಮರಿಯನ್ನು ಇನ್ನೊಂದಕ್ಕೆ ಬಿಡುವುದು ಪುಣ್ಯದ ಕೆಲಸವಾಗದು.

ಮಾಡಬೇಕಾದ್ದು ಸ್ಪಷ್ಟವಿದೆ. ಕಾವೇರಿ ಕಣಿವೆಯಲ್ಲಿ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಬಿಡುವುದನ್ನು ಪೂರ್ತಿ ನಿಲ್ಲಿಸಬೇಕು. ಆ ಮರಿಗಳು ಬೇಕಾದದ್ದು ಭೀಮೆ, ಇಂದ್ರಾಯಣಿ, ಮುಳೆಯಂಥ ತಮ್ಮದೇ ಹೊಳೆಗಳಿಗೆ. ಅಲ್ಲಿಗೆ ಅವು ಮರಳಲಿ. ಮೋಯಾರಿನ ಕೊರಕಲಿಗೆ ಕಾಡಿನ ಹುಲಿಗೆ ಸಿಗುವಷ್ಟೇ ಕಾವಲು ಸಿಗಬೇಕು. ಕಾವೇರಿ ಬಳಗದಲ್ಲಿ ಉಳಿದ ಗೂನಿನ ಮೀನುಗಳಿಂದ, ಡಿಎನ್‌ಎ ನೋಡಿ, ಬೆರಕೆಯಿಲ್ಲವೆಂದು ಖಚಿತಪಡಿಸಿಕೊಂಡು, ಮರಿ ಮಾಡುವ ಕೆಲಸಕ್ಕೆ ಲೋಣಾವಳದ ಅರ್ಧ ಶತಮಾನದ ಅನುಭವ ಧಾರೆಯೆರೆಯಬೇಕು. ಆಳವಿಲ್ಲದ ತಟ್ಟೆ, ಹರಿಯುವ ನೀರು, ಒದ್ದೆ ಹತ್ತಿ, ಕಾಯುವ ತಾಳ್ಮೆ ಅಲ್ಲಿನವರಿಗೆ ಗೊತ್ತು. ಮರಿ ಬಿಡುವ ಮುನ್ನ ಹೊಳೆಗೆ ಮಳೆಗಾಲದ ಹರಿವನ್ನೂ ಜಲ್ಲಿಯನ್ನೂ ಉಳಿಸಿಕೊಡಬೇಕು. ಮೊಟ್ಟೆಯಿಡಲು ಜಾಗವಿಲ್ಲದ ನದಿಗೆ ಎಷ್ಟು ಲಕ್ಷ ಮರಿ ಬಿಟ್ಟರೂ ಒಂದು ತಲೆಮಾರಿಗೆ ಮುಗಿಯುತ್ತದೆ.

ಇದೆಲ್ಲದರ ಬುಡದಲ್ಲಿ ಒಂದು ನಿಯಮವಿರಲಿ. ಯಾವುದೇ ಮರಿ ಕೇಂದ್ರದಿಂದ ಹೊರಡುವ ಪ್ರತಿ ಡಬ್ಬದ ಜೊತೆ, ತಾಯಿಮೀನು ಯಾವ ಕಣಿವೆಯ ಯಾವ ಹೊಳೆಯದು ಎಂಬ ದಾಖಲೆ ಹೋಗಬೇಕು. ಆ ಕಣಿವೆಯ ಗಡಿ ದಾಟಿ ಅದನ್ನು ಬಿಡಕೂಡದು. ಕಾಗದದ ಒಂದು ಚೀಟಿ, ಅಷ್ಟೇ ಖರ್ಚು. ಅಂಥ ಚೀಟಿಯೊಂದು 1970ರ ದಶಕದಿಂದಲೇ ಜೊತೆಗಿದ್ದಿದ್ದರೆ ಕಾವೇರಿಗೆ ಮರಿ ಬಿಟ್ಟವರ ಒಳ್ಳೆಯತನ ಕಾವೇರಿಯ ಸ್ವಂತ ಮೀನಿನ ನೆರವಿಗೇ ಬರುತ್ತಿತ್ತು. ಆಗ ತಿಳಿದಿರಲಿಲ್ಲ ಎನ್ನಬಹುದು. 2018ರ ಬಳಿಕ ಹಾಗೆನ್ನುವ ಅವಕಾಶ ನಮಗೆ ಯಾರಿಗೂ ಉಳಿದಿಲ್ಲ.